ಅಳಿವೆಯ ದಂಡೆಯ ಸೈಕಲ್ ಹಾದಿ ಅಷ್ಟು ಸುಲಭವೇ?

ಫ್ರಾನ್ಸ್‌ನ ಝಿರೋಂದ್ ಅಳಿವೆಯ ಎಡದಂಡೆಯಲ್ಲಿರುವ ಮೆದೋಕ್ ದ್ರಾಕ್ಷಿಸೀಮೆಯ ಸೈಕಲ್ ಸವಾರಿಯ ಕುರಿತು ಪ್ರಕಟವಾದ ಲೇಖನವನ್ನು ಬಹಳ ಆಸಕ್ತಿಯಿಂದ ಓದಿದೆ. ಹಾದಿ ಸಮತಟ್ಟಾಗಿರುವುದರಿಂದ ಯಾರಿಗಾದರೂ ಸುಲಭವೆಂದು ಲೇಖಕರು ಬರೆದಿದ್ದಾರೆ. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಗರೋನ್ ಮತ್ತು ದೋರ್ದೋನ್ ನದಿಗಳ ಸಂಗಮದಿಂದ ಸುಮಾರು 75 ಕಿಲೋಮೀಟರ್ ಚಾಚಿರುವ ಆ ಅಳಿವೆ ವಾಯವ್ಯದ ಕಡಲಿಗೆ ತೆರೆದುಕೊಂಡಿದೆ. ಅಟ್ಲಾಂಟಿಕ್ ಗಾಳಿ ಎದುರಾದ ದಿನ ಮೆದೋಕ್‌ನ ಮಾರ್ಗೋ ಊರಿನಿಂದ ಪೋಯಾಕ್ ಊರಿಗೆ ಹೋಗುವ ರಸ್ತೆಯಲ್ಲಿ ಏರಿಲ್ಲದೆಯೂ ಕಾಲು ಸೋಲುತ್ತದೆ. ಪಣಜಿಯಲ್ಲಿ ನೆಲೆಸಿರುವ ನಾವು ನಾಲ್ಕೈದು ಮಂದಿ ಕನ್ನಡಿಗರು ಭಾನುವಾರಗಳಂದು ಹಳೆ ಗೋವಾದಿಂದ ಫೆರಿಯಲ್ಲಿ ಮಾಂಡೋವಿ ದಾಟಿ ದಿವಾಡಿ ದ್ವೀಪದಲ್ಲಿ ಸೈಕಲ್ ತುಳಿಯುತ್ತೇವೆ. ಉಬ್ಬರದ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದ ಅಲ್ಲಿನ ಖಾಜನ್ ಗದ್ದೆಗಳ ನಡುವೆ ಮರದ ಮರೆಯಿಲ್ಲದ ರಸ್ತೆಯಲ್ಲಿ ಕಡಲಗಾಳಿ ಎಷ್ಟು ದಣಿಸುತ್ತದೆಂಬುದು ನಮಗೆ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಮೆದೋಕ್‌ನ ದ್ರಾಕ್ಷಿತೋಟಗಳ ಬಂಗಲೆಗಳನ್ನೂ ಅಲ್ಲಿನ ವೈನ್‌ಗಳನ್ನು ದರ್ಜೆವಾರು ವಿಂಗಡಿಸಿದ 1855ರ ಶ್ರೇಣಿಯನ್ನೂ ವಿವರವಾಗಿ ವರ್ಣಿಸಿರುವ ಲೇಖನದಲ್ಲಿ ನೆಲದ ವಿಚಾರವೇ ಬಾರದಿರುವುದು ನನಗೆ ದೊಡ್ಡ ಕೊರತೆಯಾಗಿ ಕಂಡಿತು. ನದಿಗಳು ಯುಗಯುಗಗಳಿಂದ ಹೊತ್ತು ತಂದ ಗರಸಿನ ದಿಬ್ಬಗಳ ಮೇಲೆಯೇ ಅಲ್ಲಿನ ಉತ್ತಮ ತೋಟಗಳಿವೆ. ಆ ಕಲ್ಲುನೆಲದಲ್ಲಿ ನೀರು ಬೇಗ ಬಸಿದು ಬೇರುಗಳು ಆಳಕ್ಕಿಳಿಯುತ್ತವೆ, ಹಗಲಿನ ಬಿಸಿ ಕಲ್ಲಿನಲ್ಲಿ ಉಳಿಯುತ್ತದೆ, ಪಕ್ಕದ ಅಗಾಧ ಜಲರಾಶಿ ವಸಂತದ ಹಿಮದ ಕಾಟವನ್ನು ತಗ್ಗಿಸುತ್ತದೆ. ಸವಾರನಿಗೆ ಕಾಲಡಿಯ ಅತ್ಯಲ್ಪ ಏರಿಳಿತಗಳೂ ತಿಳಿಯುವುದರಿಂದ, ಈ ದಿಬ್ಬಗಳನ್ನು ಅರಿಯಲು ಸೈಕಲ್‌ಗಿಂತ ಒಳ್ಳೆಯ ವಾಹನವಿಲ್ಲ.

ಮೆದೋಕ್‌ಗೆ ಹೋಗುವವರು ಎಡದಂಡೆಯ ಲಾಮಾರ್ಕ್‌ನಲ್ಲಿ ಸೈಕಲ್ ಸಮೇತ ಫೆರಿ ಹತ್ತಿ, ಎದುರು ದಂಡೆಯಲ್ಲಿರುವ ಬ್ಲಾಯ್ ಊರಿನ, ಸೇನಾ ಇಂಜಿನಿಯರ್ ವೊಬಾನ್ ರೂಪಿಸಿದ ಕೋಟೆಯನ್ನೂ ನೋಡಿ ಬರಬೇಕು.