ದೋಣಿ ಇಂಜಿನ್ನಿಗೆ ಉಚ್ಚೆ ಕಟ್ಟಿದ್ದು

ನಮ್ಮ ಅಪಾರ್ಟ್‌ಮೆಂಟ್ ಇರುವುದು ಬೆಂಗಳೂರಿನ ಸರ್ಜಾಪುರ ರಸ್ತೆಯ ಹತ್ತಿರ. ಇಲ್ಲಿಂದ ಮಲ್ಪೆಯ ಸಮುದ್ರ ಸುಮಾರು 400 ಕಿಲೋಮೀಟರ್. ಆದರೂ ನಮ್ಮ ಅಸೋಸಿಯೇಷನ್ ಹತ್ತಿರ ಒಂದು ದೋಣಿ ಇಂಜಿನ್ ಇದೆ. ಯಾಕೆ ಅಂತ ಹೊರಗಿನವರು ಕೇಳುತ್ತಾರೆ. 2022ರ ಸೆಪ್ಟೆಂಬರ್ ಕಂಡವರು ಕೇಳುವುದಿಲ್ಲ. ಆ ವಾರ ಔಟರ್ ರಿಂಗ್ ರೋಡೇ ಕೆರೆಯಾಗಿತ್ತು. ವಿಲ್ಲಾಗಳ ಮುಂದೆ ರಬ್ಬರ್ ದೋಣಿ ಓಡಾಡಿತು. ಸಾಫ್ಟ್‌ವೇರ್ ಮಂದಿ ಲ್ಯಾಪ್‌ಟಾಪ್ ತಬ್ಬಿಕೊಂಡು ಟ್ರ್ಯಾಕ್ಟರ್ ಹತ್ತಿದರು. ನಾವೂ ತುರ್ತು ಸಭೆ ಕರೆದು ಒಂದು ರಬ್ಬರ್ ದೋಣಿ, ಅದರ ಹಿಂಬದಿಗೆ ಸಿಕ್ಕಿಸಲು ಒಂದು ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಇಂಜಿನ್ ಕೊಂಡೆವು. ಅದು ಬಂದು ಇಳಿಯುವಷ್ಟರಲ್ಲಿ ನೀರೇ ಇಳಿದಿತ್ತು. ಇಂಜಿನ್ನು ಜನರೇಟರ್ ಪಕ್ಕ ಗೋಣಿಚೀಲ ಹೊದ್ದು ಮಲಗಿತು.

ಎದ್ದಿದ್ದು 2024ರ ಮಾರ್ಚ್‌ನಲ್ಲಿ. ಆಗ ಊರಲ್ಲಿ ನೀರೇ ಇಲ್ಲ. ಬೋರ್‌ವೆಲ್ ಬರೀ ಗಾಳಿ ಉಗುಳುತ್ತಿತ್ತು. ಟ್ಯಾಂಕರ್ ಡ್ರೈವರ್ ಬಂದರೆ ಬೀಗರು ಬಂದಷ್ಟು ಉಪಚಾರ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಬೇರೆ. ಸರಿಯಾಗಿ ಅದೇ ತಿಂಗಳು ಯಾರೋ ಪುಣ್ಯಾತ್ಮರು ಸಭೆಯಲ್ಲಿ ಕೇಳಿದರು: "ಆ ಇಂಜಿನ್ ಕೆಲಸ ಮಾಡುತ್ತಾ?" ಎಲ್ಲರೂ ನನ್ನ ಕಡೆ ತಿರುಗಿದರು. "ನಿಮ್ಮ ಮಾವನ ಮನೆ ಮಲ್ಪೆ ಅಲ್ವಾ ಸಾರ್?"

ಮಲ್ಪೆಯಲ್ಲಿ ನಾನು ಮಾಡಿರುವ ಕೆಲಸ ಅಂದರೆ ಮೀನು ತಿಂದದ್ದು. ಅದನ್ನು ಹೇಳಲು ಬಾಯಿ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಇಂಜಿನ್ನನ್ನು ಒಂದು ಹಳೇ ಹಲಗೆಗೆ ಬಿಗಿದು, ಗೇಟಿನ ಹತ್ತಿರ ನಿಲ್ಲಿಸಿ, ಹಗ್ಗ ಎಳೆದೆ. ನಾಲ್ಕನೇ ಎಳೆತಕ್ಕೆ ಹೊಗೆ ಕಕ್ಕಿ ಸ್ಟಾರ್ಟ್ ಆಯಿತು! ಮಕ್ಕಳು ಚಪ್ಪಾಳೆ ಹೊಡೆದರು. ಖುಷಿಗೆ ಭಾವಮೈದನಿಗೆ ಫೋನ್ ಮಾಡಿದೆ. ಅವನು ಮಲ್ಪೆಯಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವವನು.

"ನೀರು ಕೊಟ್ಟಿದ್ರಾ ಭಾವ?"

"ಇಲ್ಲ. ಸುಮ್ನೆ ಅರ್ಧ ನಿಮಿಷ ಓಡಿಸಿ ನೋಡಿದೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅರ್ಧ ನಿಮಿಷವಾ? ಒಣಗಿದ್ದೇ ಓಡಿಸಿದ್ದಾ ಮಾರಾಯ್ರೆ?"

ಆಮೇಲೆ ಪಾಠ ಆಯಿತು. ಕಾರಿಗಿರುವ ಹಾಗೆ ಇದಕ್ಕೆ ರೇಡಿಯೇಟರ್ ಇಲ್ಲ. ನೀರಲ್ಲಿ ಮುಳುಗಿರುವ ಇಂಜಿನ್ನಿನ ಕೆಳಭಾಗಕ್ಕೆ ಕಾಲು ಅನ್ನುತ್ತಾರೆ, ಅದರಲ್ಲಿ ಜಾಲರಿ ಇದೆ, ಅಲ್ಲಿಂದ ಹೊರಗಿನ ನೀರನ್ನೇ ಹೀರಿ, ಮೇಲೆ ಕಳಿಸಿ, ತಂಪಾಗುತ್ತದೆ. ಹೀರುವುದು ಒಂದು ರಬ್ಬರ್ ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗುವ ಎಸಳಿನ ಚಕ್ರ. ಅದಕ್ಕೆ ಆ ನೀರೇ ಎಣ್ಣೆ. ಒಣಗಿ ತಿರುಗಿದರೆ ಕೆಲವೇ ಸೆಕೆಂಡಿನಲ್ಲಿ ಉಜ್ಜಿ ಸುಡಲು ಶುರು. ನೀರು ಓಡುತ್ತಿದೆ ಅನ್ನುವುದಕ್ಕೆ ಗುರುತು, ಹಿಂಭಾಗದ ಸಣ್ಣ ತೂತಿನಿಂದ ಚಿಮ್ಮುವ ಒಂದು ಧಾರೆ. "ಅದು ಉಚ್ಚೆ ಹೊಯ್ದರೆ ಆರೋಗ್ಯ ಸರಿ ಉಂಟು ಅಂತ ಲೆಕ್ಕ, ಭಾವ."

ಇಂಜಿನ್ ಜೊತೆ ಬಂದಿದ್ದ, ಹೆಡ್‌ಫೋನ್ ಹಾಗೆ ಕಾಣುವ ಸಾಮಾನು ಏನಕ್ಕೆ ಅಂತ ಆಗ ಗೊತ್ತಾಯಿತು. ಎರಡು ರಬ್ಬರ್ ಬಟ್ಟಲನ್ನು ಜಾಲರಿಗಳ ಮೇಲೆ ಕಚ್ಚಿಸಿ, ಪೈಪ್ ಸಿಕ್ಕಿಸಬೇಕು. ನಾನದನ್ನು ಒಂದೂವರೆ ವರ್ಷದಿಂದ ಯಾರೋ ಕಳೆದುಕೊಂಡ ಸ್ಟೆತೊಸ್ಕೋಪ್ ಅಂದುಕೊಂಡಿದ್ದೆ. ಪ್ರೊಪೆಲ್ಲರ್ ಬಿಚ್ಚಿಟ್ಟೆ, ಗೇರ್ ನ್ಯೂಟ್ರಲ್‌ನಲ್ಲೇ ಇದೆ ಅಂತ ಎರಡು ಸಲ ನೋಡಿದೆ. ಕಾವೇರಿ ನೀರು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಎಸ್‌ಟಿಪಿಯಲ್ಲಿ, ಅಂದರೆ ನಮ್ಮದೇ ಕೊಳಚೆ ನೀರಿನ ಘಟಕದಲ್ಲಿ, ಶುದ್ಧಿ ಮಾಡಿ ಗಿಡಕ್ಕೆ ಬಿಡುವ ನೀರಿನ ಪೈಪ್ ಎಳೆದೆವು.

ಇಂಜಿನ್ ಓಡಿತು. ಧಾರೆ ಬರಲಿಲ್ಲ.

"ಅಂಕಲ್, ಇದು ಸುಸು ಮಾಡ್ತಿಲ್ಲ," ಅಂತ ಎರಡನೇ ಮಹಡಿಯ ಪುಟ್ಟಿ ಇಡೀ ಕಾಂಪೌಂಡಿಗೆ ಸಾರಿದಳು. ತಕ್ಷಣ ಆಫ್ ಮಾಡಿದೆ.

ತೂತು ನೋಡಿದರೆ ಒಳಗೆ ಕಡಜ ಮಣ್ಣಿನ ಮನೆ ಕಟ್ಟಿತ್ತು. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ, ಬೆಂಗಳೂರಿನಲ್ಲಿ ಅಂಥ ಜಾಗ ಯಾರು ಬಿಡುತ್ತಾರೆ? ಮನೆಯಿಂದ ತೆಂಗಿನ ಪೊರಕೆ ತಂದು ಒಂದು ಕಡ್ಡಿ ಹಿರಿದು ತಿವಿದೆ. ಮಣ್ಣು ಉದುರಿತು. ಇನ್ನೂ ಸ್ವಲ್ಪ ಒಳಗೆ ತಿವಿದೆ. ಕಡ್ಡಿ ಮುರಿಯಿತು. ಕಡಜ ಕಟ್ಟಿದ ಅಡ್ಡಿ ಹೋಯಿತು, ನಾನು ಕಟ್ಟಿದ ಅಡ್ಡಿ ಕೂತಿತು. ಅದನ್ನು ಚಿಮುಟದಲ್ಲಿ ಎಳೆಯಲು ಮುಕ್ಕಾಲು ಗಂಟೆ ಹಿಡಿಯಿತು. "ನೈಲಾನ್ ದಾರ ಹಾಕ್ಬೇಕಿತ್ತು," ಅಂದ ಭಾವಮೈದ, ಎಲ್ಲ ಮುಗಿದ ಮೇಲೆ.

ಮತ್ತೆ ಓಡಿಸಿದೆವು. ಧಾರೆ ಇಲ್ಲ. ಬಟ್ಟಲಿನ ಅಂಚಿನಲ್ಲಿ ಮಾತ್ರ ನೀರು ಸೋರುತ್ತಿತ್ತು. ನಮ್ಮ ಪೈಪಿನ ಪ್ರೆಶರ್ ನೋಡಿದರೆ ತುಳಸಿ ಗಿಡಕ್ಕೂ ಸಾಲದು. ಪ್ರೆಶರ್ ಸಾಲದಿದ್ದರೆ, ಬಟ್ಟಲು ಸರಿಯಾಗಿ ಕೂರದಿದ್ದರೆ, ಪಂಪು ನೀರಿನ ಬದಲು ಗಾಳಿ ಎಳೆಯುತ್ತದಂತೆ. "ಒಂದು ಡ್ರಮ್ಮಲ್ಲಿ ಇಳಿಸಿ ನೋಡಿ. ಜಾಲರಿ ಪೂರ್ತಿ ಮುಳುಗಿ ಇನ್ನೂ ಮೇಲೆ ನೀರು ನಿಲ್ಬೇಕು. ಅಲ್ಲಿ ಹೊಯ್ದರೆ ನಿಮ್ಮ ಪೈಪಿನ ತಪ್ಪು. ಅಲ್ಲೂ ಹೊಯ್ಯದಿದ್ದರೆ..." ವಾಕ್ಯ ಮುಗಿಸಲಿಲ್ಲ. ಅಕ್ಕನ ಗಂಡ ಅನ್ನುವ ಮರ್ಯಾದೆ.

200 ಲೀಟರಿನ ನೀಲಿ ಡ್ರಮ್ಮಿಗೆ ಎಸ್‌ಟಿಪಿ ನೀರು ತುಂಬಿ ಇಳಿಸಿದೆವು. ಈ ಇಂಜಿನ್ನಿನ ಹೊಗೆ ನೀರೊಳಗೇ ಹೊರಡುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಡ್ರಮ್ಮು ಅನ್ನದ ಪಾತ್ರೆ ಹಾಗೆ ಕೊತಕೊತ ಕುದಿದು ನೊರೆ ಉಕ್ಕಿಸಿತು. ಆಮೇಲೆ ವಾಸನೆ. ಆ ವಾಸನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವು ಊಟಕ್ಕೆ ಕೂತಿರಬಹುದು. ಎಂಟನೇ ಮಹಡಿವರೆಗೂ ಕಿಟಕಿ ಪಟಪಟ ಮುಚ್ಚಿಕೊಂಡವು. ಧಾರೆ ಮಾತ್ರ ಇಲ್ಲ.

ಮುಂದಿನ ಶನಿವಾರದ ರಾತ್ರಿ ಬಸ್ಸಿಗೆ ಭಾವಮೈದ ಹೊರಟ. ಬೆಳಿಗ್ಗೆ ಒಂದು ಕೈಯಲ್ಲಿ ಒಣಮೀನಿನ ಪೊಟ್ಟಣ, ಜೇಬಲ್ಲಿ ಹೊಸ ಇಂಪೆಲ್ಲರ್. ಕಾಫಿ ಕುಡಿದು ಇಂಜಿನ್ನಿನ ಕಾಲು ಬಿಚ್ಚಿದ. ಹಳೇ ಇಂಪೆಲ್ಲರಿನ ಆರು ಎಸಳಲ್ಲಿ ಎರಡು ಕಿತ್ತುಹೋಗಿದ್ದವು, ಉಳಿದವು ಒಂದೇ ಕಡೆ ಬಾಗಿ ನಿಂತಿದ್ದವು. "ವರ್ಷಗಟ್ಟಲೆ ಸುಮ್ಮನೆ ಮಲಗಿದ್ದರೂ ಹೀಗೆ ಬಾಗ್ತದೆ," ಅಂದ. ನನಗೆ ಸಮಾಧಾನ ಆಯಿತು. "ಕಿತ್ತದ್ದು ಮಾತ್ರ ನಿಮ್ಮ ಅರ್ಧ ನಿಮಿಷ." ಸಮಾಧಾನ ಹೋಯಿತು. ಕಿತ್ತ ತುಂಡು ಮೇಲಿನ ದಾರಿಯಲ್ಲಿ ಸಿಕ್ಕಿಕೊಂಡರೆ ಹೊಸದು ಹಾಕಿಯೂ ಪ್ರಯೋಜನವಿಲ್ಲ ಅಂತ ಎರಡನ್ನೂ ಹುಡುಕಿ ತೆಗೆದೇ ಮುಚ್ಚಿದ.

ಮತ್ತೆ ಡ್ರಮ್ಮು. ಈ ಸಲ ಇಂಜಿನ್ನು ಒಮ್ಮೆ ಕೆಮ್ಮಿ, ಧಾರೆ ಬಿಟ್ಟಿತು ನೋಡಿ! ಬಿಲ್ಲಿನ ಹಾಗೆ ಬಾಗಿ ನೇರ ಅಧ್ಯಕ್ಷರ ಇಸ್ತ್ರಿ ಪ್ಯಾಂಟಿಗೆ. ಅಷ್ಟರಲ್ಲಿ ಯಾರೋ ಬಾಲ್ಕನಿಯಿಂದ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದರು. ಕೆಳಗೆ ಒಂದೇ ಸಾಲು: "ಕುಡಿಯೋಕೆ ನೀರಿಲ್ಲ, ಇವರ ಕಾರಂಜಿ ನೋಡಿ. 5,000 ದಂಡ ಯಾರು ಕಟ್ಟೋದು?" ಇದು ಎಸ್‌ಟಿಪಿ ನೀರು ಅಂತ ಬರೆದರೆ ಯಾರೂ ನಂಬಲಿಲ್ಲ. ಕೊನೆಗೆ ಅಧ್ಯಕ್ಷರೇ ಲಿಫ್ಟ್ ಹತ್ತಿ ಆ ಮನೆ ಬೆಲ್ ಒತ್ತಿ, ಪ್ಯಾಂಟು ತೋರಿಸಿ, "ಮೂಸಿ ನೋಡ್ರೀ," ಅಂದರಂತೆ. ಅಲ್ಲಿಗೆ ಕೇಸು ಖುಲಾಸೆ.

ಕೆಳಗೆ ಭಾವಮೈದ ಧಾರೆಗೆ ಕೈಯೊಡ್ಡಿ, "ಉಗುರು ಬೆಚ್ಚಗೆ ಉಂಟು, ಸುಡುವುದಿಲ್ಲ, ಪಾಸ್," ಅಂದ. ವಾಚ್‌ಮನ್ ಮಾತಾಡದೆ ಹೋಗಿ, ಒಣಗಿದ ಕ್ರೋಟನ್ ಕುಂಡ ಒಂದನ್ನು ಎತ್ತಿ ತಂದು ಸರಿಯಾಗಿ ಅದರ ಕೆಳಗಿಟ್ಟ.