ಕಷ್ಟದ ಹಾಡನ್ನು ಸಾಮಾನ್ಯರೂ ಹಾಡಬಹುದು

ಹೈನ್ರಿಶ್ ಶ್ಯೂಟ್ಸ್ ಅನ್ನುವ ಸಂಗೀತಗಾರರ ಹೆಸರನ್ನು ನಮ್ಮಲ್ಲಿ ಜಾಸ್ತಿ ಜನ ಕೇಳಿರಲಿಕ್ಕಿಲ್ಲ. ಬಾಖ್ ಗೊತ್ತು, ಬೀಥೋವನ್ ಗೊತ್ತು. ಶ್ಯೂಟ್ಸ್ ಹುಟ್ಟಿದ್ದು 1585ರಲ್ಲಿ, ಬಾಖ್‌ಗಿಂತ ಸರಿಯಾಗಿ ನೂರು ವರ್ಷ ಮೊದಲು. ನಾನು ಕೆಲಸಕ್ಕೆಂದು ಬಂದು ನೆಲೆಸಿರುವ ಜರ್ಮನಿಯ ಡ್ರೆಸ್ಡೆನ್‌ನಲ್ಲೇ ಅವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅರಮನೆಯ ಸಂಗೀತಗಾರರಾಗಿದ್ದರು. ನಮ್ಮ ಬಡಾವಣೆಯ ಚರ್ಚಿನ ಕ್ವಾಯರ್, ಅಂದರೆ ವೃಂದಗಾನದ ತಂಡ, ಈಗಲೂ ಅವರ ಹಾಡುಗಳನ್ನು ಹಾಡುತ್ತದೆ. ನಾನೂ ಅದರಲ್ಲಿ ಹಾಡುತ್ತೇನೆ, ಬಾಸ್ ಅನ್ನುವ ತಗ್ಗು ದನಿಯ ಗಂಡಸರ ಸಾಲಿನಲ್ಲಿ ನಿಂತು. ನಾನು ಕ್ರೈಸ್ತನಲ್ಲ. ಅದನ್ನು ಯಾರೂ ಕೇಳಲೂ ಇಲ್ಲ. ಪ್ರತಿ ವಾರ ತಪ್ಪದೆ ಬರುತ್ತೀರಾ ಅಂತ ಕೇಳಿದರು, ಅಷ್ಟೇ.

ಈ ಕ್ವಾಯರ್‌ನಲ್ಲಿ ಯಾರ್ಯಾರಿದ್ದಾರೆ ಅಂದರೆ, ನಿವೃತ್ತರಾದ ಶಾಲಾ ಟೀಚರುಗಳು, ಒಬ್ಬ ನರ್ಸ್, ಒಬ್ಬ ಬಡಗಿ, ಟ್ರಾಮ್ ಓಡಿಸುವವರೊಬ್ಬರು, ಕಾಲೇಜು ಹುಡುಗಿಯರು. ಸಂಗೀತವೇ ಕಸುಬು ಅನ್ನುವವರು ಒಬ್ಬರೇ. ಅವರನ್ನು ಕಾಂಟೋರ್ ಅನ್ನುತ್ತಾರೆ, ಅಂದರೆ ಚರ್ಚು ಸಂಬಳ ಕೊಟ್ಟು ಇಟ್ಟುಕೊಂಡಿರುವ ಸಂಗೀತದ ಮೇಷ್ಟ್ರು. ವಾರಕ್ಕೊಂದು ಸಂಜೆ ಅಭ್ಯಾಸ. ಮೊದಲು ಗಂಟಲು ಸಡಿಲ ಮಾಡಿಕೊಳ್ಳುವ ಕಸರತ್ತು, ಆಮೇಲೆ ಹೆಂಗಸರ ಮೇಲಿನ ಮತ್ತು ಕೆಳಗಿನ ದನಿಗಳಾದ ಸೊಪ್ರಾನೋ, ಆಲ್ಟೋ, ಗಂಡಸರ ಟೆನರ್, ಬಾಸ್ ಬೇರೆ ಬೇರೆಯಾಗಿ, ಕೊನೆಗೆ ಎಲ್ಲ ಸೇರಿ. ಕೈಯಲ್ಲಿ ಪೆನ್ಸಿಲ್ ಇರಲೇಬೇಕು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಮಾತಿಗೆ ಒತ್ತು ಕೊಡಬೇಕು, ಎಲ್ಲಿ ದನಿ ತಗ್ಗಿಸಬೇಕು ಎಲ್ಲಕ್ಕೂ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಬೇಕು. ನಾಲ್ಕೈದು ನಿಮಿಷದ ಒಂದು ಹಾಡಿಗೆ ವಾರಗಟ್ಟಲೆ ಬೆವರು ಸುರಿಸುತ್ತಾರೆ, ದಿನವಿಡೀ ದುಡಿದು ಸುಸ್ತಾಗಿ ಬಂದವರು.

ಇದನ್ನು ನೋಡುತ್ತಾ ನೋಡುತ್ತಾ ನನಗೆ ಬಂದ ಅನಿಸಿಕೆ ಹೇಳಿಬಿಡುತ್ತೇನೆ. ನಮ್ಮಲ್ಲಿ ಭಜನೆ ಇದೆ, ಅದು ಎಲ್ಲರದೂ. ಬಂದವರು ಕೂತು ತಾಳ ಹಾಕಿ ದನಿಗೂಡಿಸಬಹುದು. ಕಚೇರಿ ಇದೆ, ಅದು ವರ್ಷಗಟ್ಟಲೆ ಗುರುಗಳ ಹತ್ತಿರ ಪಾಠವಾದವರದು, ಉಳಿದವರು ಎದುರಿಗೆ ಕೂತು ತಲೆದೂಗುವವರು. ಇವೆರಡರ ನಡುವೆ ಇನ್ನೊಂದು ಮೆಟ್ಟಿಲಿದೆ. ಬೇರೆ ಕೆಲಸ ಮಾಡಿಕೊಂಡಿರುವ ಸಾಮಾನ್ಯ ಜನ ಒಂದು ಕಷ್ಟದ ಹಾಡನ್ನು ಎತ್ತಿಕೊಂಡು, ಕೂಡಿ ತಿದ್ದಿಕೊಂಡು, ಅದು ನಿಜವಾಗಿ ಚೆನ್ನಾಗಿ ಬರುವ ತನಕ ಬಿಡದೆ ಹಾಡುವುದು. ಜರ್ಮನ್ನರ ಸಂಗೀತ ಗಟ್ಟಿಯಾಗಿ ನಿಂತಿರುವುದು ಈ ಮೆಟ್ಟಿಲ ಮೇಲೆ. ನಮ್ಮಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಶ್ಯೂಟ್ಸ್ ಅವರ ಬದುಕನ್ನು ತಿಳಿದುಕೊಂಡರೆ ಈ ಮೆಟ್ಟಿಲಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅವರು ಹುಟ್ಟಿದ ಊರು ಕ್ಯೋಸ್ಟ್ರಿಟ್ಸ್, ಬೆಳೆದದ್ದು ವೈಸನ್‌ಫೆಲ್ಸ್. ತಂದೆ ಪ್ರಯಾಣಿಕರಿಗೆ ವಸತಿಗೃಹ ನಡೆಸುತ್ತಿದ್ದರು. 1598ರಲ್ಲಿ ಹೆಸ್ಸೆ-ಕಾಸೆಲ್‌ನ ದೊರೆ ಮೋರಿಟ್ಸ್ ಅಲ್ಲಿ ರಾತ್ರಿ ತಂಗಿದರು. ಆ ಹುಡುಗನ ಹಾಡು ಕೇಳಿ ಮೆಚ್ಚಿ, ನನ್ನ ಆಸ್ಥಾನಕ್ಕೆ ಕಳಿಸಿ ಅಂದರು. ಅಪ್ಪ ಅಮ್ಮ ಮೊದಲು ಒಪ್ಪಲಿಲ್ಲ. ಆಮೇಲೆ ಕಳಿಸಿದರು. ಹುಡುಗ ಕಾಸೆಲ್‌ನಲ್ಲಿ ಓದಿ, ಮಾರ್ಬುರ್ಗ್‌ನಲ್ಲಿ ಕಾನೂನು ಕಲಿಯಲು ಸೇರಿದರು. ಅಷ್ಟರಲ್ಲಿ ಅದೇ ದೊರೆ ತಾನೇ ದುಡ್ಡು ಕೊಡುತ್ತೇನೆ ಅಂತ ಹೇಳಿ 1609ರಲ್ಲಿ ವೆನಿಸ್‌ಗೆ, ಜೊವಾನ್ನಿ ಗಾಬ್ರಿಯೇಲಿ ಅವರ ಹತ್ತಿರ ಸಂಗೀತ ಕಲಿಯಲು ಕಳಿಸಿದರು. ಗುರುಗಳು 1612ರಲ್ಲಿ ತೀರಿಕೊಂಡರು. ತಮ್ಮ ಉಂಗುರಗಳಲ್ಲಿ ಒಂದನ್ನು ಈ ಶಿಷ್ಯನಿಗೆ ಅಂತ ಬಿಟ್ಟು ಹೋಗಿದ್ದರಂತೆ. ಗುರು ಶಿಷ್ಯರ ನಂಟು ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡವರು ಇದನ್ನು ಒಮ್ಮೆ ಓದಬೇಕು.

ಡ್ರೆಸ್ಡೆನ್‌ಗೆ ಬಂದ ಮೇಲೆ 1619ರಲ್ಲಿ ಬೈಬಲ್ಲಿನ ದಾವೀದನ ಕೀರ್ತನೆಗಳಿಗೆ ಅವರು ಮಾಡಿದ ಹಾಡುಗಳ ದೊಡ್ಡ ಸಂಗ್ರಹ ಅಚ್ಚಾಯಿತು. ಒಂದಕ್ಕಿಂತ ಹೆಚ್ಚು ಗುಂಪುಗಳು ಬೇರೆ ಬೇರೆ ಕಡೆ ನಿಂತು ಒಬ್ಬರಿಗೊಬ್ಬರು ಉತ್ತರ ಕೊಡುವಂತೆ ಹಾಡುವ ವೆನಿಸ್ ಪದ್ಧತಿ, ತುತ್ತೂರಿ, ಆರ್ಗನ್, ಎಲ್ಲ ವೈಭವ. ಅದೇ ವರ್ಷ ಮದುವೆಯೂ ಆಯಿತು. ಆರು ವರ್ಷಕ್ಕೆ ಹೆಂಡತಿ ಮಗ್ದಲೇನಾ ತೀರಿಕೊಂಡರು, ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಬಿಟ್ಟು. ಶ್ಯೂಟ್ಸ್ ಮತ್ತೆ ಮದುವೆಯಾಗಲಿಲ್ಲ. ಆ ಇಬ್ಬರು ಮಕ್ಕಳೂ ತಂದೆಯ ಕಣ್ಣೆದುರೇ ಹೋದರು, ಒಬ್ಬಳು 1638ರಲ್ಲಿ, ಇನ್ನೊಬ್ಬಳು 1655ರಲ್ಲಿ. ಅವರ ಸಂಗೀತದಲ್ಲಿ ಸಾವಿನ ಮಾತು ಬಂದಾಗೆಲ್ಲ ಅಷ್ಟು ಸಮಾಧಾನ ಹೇಗೆ ಬರುತ್ತದೋ, ನನಗೆ ಇವತ್ತಿಗೂ ಆಶ್ಚರ್ಯ.

ಮತ್ತೆ ಯುದ್ಧ. 1618ರಿಂದ 1648ರ ತನಕ, ಮೂವತ್ತು ವರ್ಷ. ಊರೂರೇ ಹಾಳಾದವು. ಡ್ರೆಸ್ಡೆನ್ ಆಸ್ಥಾನದಲ್ಲಿ ದುಡ್ಡು ಇಲ್ಲ, ಗಾಯಕರಿಗೆ ಸಂಬಳ ಇಲ್ಲ. ದೊಡ್ಡ ಮೇಳಕ್ಕೆ ಬರೆದರೆ ಹಾಡಲು ಜನವೇ ಇಲ್ಲ. ಆಗ ಶ್ಯೂಟ್ಸ್ ಏನು ಮಾಡಿದರು ಅಂದರೆ, 1636 ಮತ್ತು 1639ರಲ್ಲಿ ಒಬ್ಬರಿಂದ ಐದು ಜನರ ತನಕ ಹಾಡಬಹುದಾದ ಪುಟ್ಟ ಪುಟ್ಟ ಕೃತಿಗಳನ್ನು ಅಚ್ಚು ಹಾಕಿಸಿದರು. ಜೊತೆಗೆ ಆರ್ಗನ್ ಒಂದಿದ್ದರೆ ಸಾಕು. ಯುದ್ಧದಿಂದ ಸಂಗೀತ ಎಷ್ಟೋ ಕಡೆ ನೆಲ ಕಚ್ಚಿದೆ ಅಂತ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾರೆ. ಅವರು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಈ ಪುಟ್ಟ ಕೃತಿಗಳೇ. ಕೈಯಲ್ಲಿರುವುದು ಇಬ್ಬರೇ ಗಾಯಕರಾದರೆ ಆ ಇಬ್ಬರಿಗೇ ಬರೆಯುತ್ತೇನೆ, ಆದರೆ ಸುಲಭ ಮಾಡಿ ಕೊಡುವುದಿಲ್ಲ ಅನ್ನುವ ಹಟ ಅವುಗಳಲ್ಲಿ ಕಾಣುತ್ತದೆ. ಯುದ್ಧ ಮುಗಿದ ಮೇಲೂ ಕಷ್ಟ ತೀರಲಿಲ್ಲ. ಒಬ್ಬ ಬಾಸ್ ಗಾಯಕರು ಬಟ್ಟೆಬರೆಯನ್ನೂ ಅಡ ಇಟ್ಟು ಕೂತಿದ್ದಾರೆ, ಇಂಥ ದನಿ ಮತ್ತೆ ಸಿಗುವುದಿಲ್ಲ, ಏನಾದರೂ ಮಾಡಿ ಅಂತ ಅವರು ಆಸ್ಥಾನಕ್ಕೆ ಪತ್ರ ಬರೆದದ್ದಿದೆ. 1651ರಲ್ಲಿ ತಮಗೂ ವಯಸ್ಸಾಯಿತು, ಬಿಡುಗಡೆ ಕೊಡಿ ಅಂತ ಇಡೀ ಬದುಕಿನ ಕಥೆಯನ್ನೇ ಬರೆದು ಕೇಳಿಕೊಂಡರು. ಡ್ರೆಸ್ಡೆನ್ನಿನ ದೊರೆ 1656ರಲ್ಲಿ ಸಾಯುವ ತನಕ ಬಿಡುಗಡೆ ಸಿಗಲಿಲ್ಲ.

1648ರಲ್ಲಿ, ಶಾಂತಿ ಒಪ್ಪಂದವಾದ ವರ್ಷವೇ, ಅವರ ಧಾರ್ಮಿಕ ವೃಂದಗಾನಗಳ ಸಂಗ್ರಹ ಬಂತು. ಒಟ್ಟು 29 ಹಾಡು. ಅದನ್ನು ಅವರು ಒಪ್ಪಿಸಿದ್ದು ಲೈಪ್ಸಿಗ್ ನಗರಸಭೆಗೆ, ಅಲ್ಲಿನ ಸೇಂಟ್ ಥಾಮಸ್ ಶಾಲೆಯ ಹುಡುಗರ ಕ್ವಾಯರ್ ಅನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಮುಂದೆ ಬಾಖ್ ಮೇಷ್ಟ್ರಾಗಿದ್ದದ್ದೂ ಅದೇ ಕ್ವಾಯರ್‌ಗೆ. ಯುವ ಸಂಗೀತಗಾರರೇ, ಅಲಂಕಾರಕ್ಕೆ ಹೋಗುವ ಮೊದಲು ದನಿಗಳನ್ನು ಹೆಣೆಯುವ ಕಷ್ಟದ ವಿದ್ಯೆ ಕಲಿಯಿರಿ ಅಂತ ಮುನ್ನುಡಿಯಲ್ಲಿ ಬುದ್ಧಿ ಹೇಳಿದ್ದಾರೆ. ನಮ್ಮ ಕ್ವಾಯರ್ ಹೆಚ್ಚಾಗಿ ಹಾಡುವುದು ಈ ಸಂಗ್ರಹದಿಂದಲೇ.

ಅದರಲ್ಲಿ ಬೈಬಲ್ಲಿನ 126ನೇ ಕೀರ್ತನೆಯ ಮಾತುಗಳಿಗೆ ಮಾಡಿದ ಒಂದು ಹಾಡಿದೆ. ಅಳುತ್ತಾ ಬಿತ್ತಿದವರು ನಗುತ್ತಾ ಫಸಲು ಕೊಯ್ಯುತ್ತಾರೆ ಅನ್ನುವ ಅರ್ಥ. ಅಳುವ ಮಾತಿಗೆ ದನಿಗಳು ಭಾರವಾಗಿ, ಒಂದಕ್ಕೊಂದು ತಾಗಿ ನೋಯುವ ಹಾಗೆ ನಿಧಾನವಾಗಿ ಸಾಗುತ್ತವೆ. ಕೊಯ್ಲಿನ ಮಾತು ಬಂದ ಕೂಡಲೇ ನಡೆ ಬದಲಾಗಿ ಕುಣಿತ ಬರುತ್ತದೆ. ಮತ್ತೆ ಅಳು, ಮತ್ತೆ ಕುಣಿತ. ಕಾಂಟೋರ್ ಮೊದಲ ದಿನ ರಾಗವನ್ನೇ ಹಾಡಿಸಲಿಲ್ಲ. ಬರೀ ಮಾತನ್ನು ಓದಿಸಿದರು, ಮತ್ತೆ ಮತ್ತೆ, ಎಲ್ಲರ ಬಾಯಲ್ಲೂ ಒಂದೇ ಸಲ ಒಂದೇ ಅಕ್ಷರ ಹೊರಡುವ ತನಕ. ಶ್ಯೂಟ್ಸ್ ಅವರಲ್ಲಿ ಮಾತೇ ಮೊದಲು, ರಾಗ ಅದರ ಹಿಂದೆ ಬರುತ್ತದೆ. ಸತ್ತವರು ಧನ್ಯರು ಅನ್ನುವ ಇನ್ನೊಂದು ಹಾಡಿನಲ್ಲಿ, ಅವರು ವಿಶ್ರಮಿಸುತ್ತಾರೆ ಅನ್ನುವ ಕಡೆ ಎಲ್ಲ ದನಿಯೂ ಕೆಳಗಿಳಿದು ನಿಲ್ಲುತ್ತದೆ. ಅವರು ಮಾಡಿದ ಕೆಲಸ ಅವರ ಹಿಂದೆ ಬರುತ್ತದೆ ಅನ್ನುವಾಗ ಒಂದು ಸಾಲಿನ ಬೆನ್ನಿಗೆ ಇನ್ನೊಂದು ಸಾಲು ಓಡಿ ಬರುತ್ತದೆ. ದಾಸರ ಪದವನ್ನು ಕೇಳಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ಅಲ್ಲೂ ಸಾಹಿತ್ಯ ಅರ್ಥವಾಗದೆ ಹಾಡಿದರೆ ಹಾಡು ನಿಲ್ಲುವುದಿಲ್ಲ ಅಲ್ವಾ.

ಇನ್ನು ಉಳಿವಿನ ಮಾತು. ಪುರಂದರದಾಸರು ಹಂಪಿಯಲ್ಲಿ ತೀರಿಕೊಂಡದ್ದು 1564ರಲ್ಲಿ ಅನ್ನುತ್ತಾರೆ. ಮರುವರ್ಷವೇ ಯುದ್ಧದಲ್ಲಿ ಸೋತು ಆ ನಗರ ಹಾಳಾಯಿತು. ಆದರೂ ಅವರ ಪದಗಳು ಬಾಯಿಂದ ಬಾಯಿಗೆ ಹೋಗಿ ಉಳಿದವು. ಅವಕ್ಕೆ ಅರಮನೆ ಬೇಕಿರಲಿಲ್ಲ, ಸಂಬಳದ ಗಾಯಕರು ಬೇಕಿರಲಿಲ್ಲ. ಶ್ಯೂಟ್ಸ್ ಅವರದು ಉಳಿದದ್ದು ಅಚ್ಚಿನಿಂದ. ಅಚ್ಚಾಗದ ಎಷ್ಟೋ ಕೃತಿಗಳು ಹೋದವು. 1627ರಲ್ಲಿ ಮಾಡಿದ ‘ಡಾಫ್ನೆ’, ಜರ್ಮನ್ ಭಾಷೆಯ ಮೊದಲ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಅನ್ನುತ್ತಾರೆ, ಅದರ ಪದ್ಯ ಉಳಿದಿದೆ, ಸಂಗೀತ ಇಲ್ಲ. ಕ್ರಿಸ್ತನ ಹುಟ್ಟಿನ ಕಥೆಯನ್ನು ಹಾಡಾಗಿ ಮಾಡಿದ ಕೃತಿಯಲ್ಲಿ 1664ರಲ್ಲಿ ಅಚ್ಚಾದದ್ದು ಕಥೆ ಹೇಳುವವನ ಭಾಗ ಮಾತ್ರ. ಉಳಿದದ್ದು ಬೇಕಾದವರು ಪ್ರತಿ ಮಾಡಿಸಿಕೊಳ್ಳಬೇಕಿತ್ತು. ಆ ಉಳಿದ ಭಾಗ ಕಳೆದೇ ಹೋಗಿತ್ತು. 1908ರಲ್ಲಿ ಸ್ವೀಡನ್‌ನ ಉಪ್ಸಾಲಾದ ಗ್ರಂಥಾಲಯದಲ್ಲಿ ಸಿಕ್ಕಿತು. ಯಾರೋ ಒಬ್ಬರು ಕೂತು ಕೈಯಲ್ಲಿ ನಕಲು ಮಾಡಿ ಇಟ್ಟಿದ್ದರಿಂದ ಇವತ್ತು ಡಿಸೆಂಬರ್‌ನಲ್ಲಿ ಅದನ್ನು ಹಾಡುತ್ತಾರೆ.

ಬಾಯಿಯೇ ಮೇಲು ಅಂತ ನಾವು ಹೆಮ್ಮೆ ಪಡಬಹುದು. ನಾನೂ ಪಡುತ್ತೇನೆ. ಹಾಳೆ ಕೈಯಲ್ಲಿ ಇಲ್ಲದಿದ್ದರೆ ಇಲ್ಲಿನವರು ಎಷ್ಟೋ ಸಲ ಬಾಯಿ ಬಿಡುವುದಿಲ್ಲ, ನಮ್ಮ ಅಜ್ಜಿಯರು ನೂರಾರು ಪದ ಹೇಳುತ್ತಿದ್ದರು. ಆದರೆ ದಾಸರು ಕೂರಿಸಿದ ಮಟ್ಟು ಯಾವುದು ಅಂತ ಇವತ್ತು ಕೇಳಿದರೆ ಹೆಚ್ಚಿನ ಪದಗಳಿಗೆ ಉತ್ತರ ಇಲ್ಲ. ಪದ ಉಳಿಯಿತು, ಮಟ್ಟು ಬದಲಾಯಿತು. ಇದನ್ನು ದೊಡ್ಡ ನಷ್ಟ ಅಂತ ನಾನು ಅನ್ನುವುದಿಲ್ಲ. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಭೀಮಸೇನ ಜೋಶಿಯವರ ಬಾಯಲ್ಲಿ ಒಂದು ಥರ, ನಮ್ಮ ಅಮ್ಮನ ಭಜನಾ ಮಂಡಳಿಯಲ್ಲಿ ಇನ್ನೊಂದು ಥರ, ಎರಡೂ ಚೆಂದ. ನನ್ನ ಚಿಂತೆ ಆ ಮಂಡಳಿಯ ಮಟ್ಟಿನದು. ಜೋಶಿಯವರದು ರೆಕಾರ್ಡಿನಲ್ಲಿದೆ. ಅಮ್ಮನ ಗೆಳತಿಯರು ಶಿವಮೊಗ್ಗದಲ್ಲಿ ಹಾಡುವ ಮಟ್ಟು ಎಲ್ಲೂ ಇಲ್ಲ. ಈಗಿನ ಮಕ್ಕಳು ಮೊಬೈಲ್‌ನಲ್ಲಿ ಕೇಳಿದ್ದನ್ನು ಕಲಿಯುತ್ತಾರೆ, ಎಲ್ಲ ಊರಿನವರೂ ಅದೇ ಒಂದನ್ನು. ಬಾಯಿಂದ ಬಾಯಿಗೆ ಹೋಗುತ್ತಿದ್ದ ದಾರಿ ಹೀಗೆ ಸದ್ದಿಲ್ಲದೆ ಮುಚ್ಚಿಹೋಗುತ್ತಿದೆ.

ದಾಸರ ಪದಗಳನ್ನು ಮೊದಲಿಗೆ ಸಂಗ್ರಹಿಸಿ ಅಚ್ಚು ಹಾಕಿಸಿದವರಲ್ಲಿ ಒಬ್ಬರು ಜರ್ಮನ್ನರೇ, ಮಂಗಳೂರಿನ ಬಾಸೆಲ್ ಮಿಷನ್‌ನ ಹೆರ್ಮನ್ ಮೋಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದವರು. ಅವರಿಂದ ಪದಗಳ ಮಾತು ಹಾಳೆಗೆ ಬಂತು. ಅದೇ ಮಿಷನ್‌ನಿಂದ ಬೆಳೆದ ಕರಾವಳಿಯ ಚರ್ಚುಗಳಲ್ಲಿ ಜರ್ಮನ್ ಮಟ್ಟುಗಳಿಗೆ ಕನ್ನಡ ಮಾತು ಕೂಡಿಸಿದ ಗೀತೆಗಳನ್ನು ಇವತ್ತಿಗೂ ಹಾಡುತ್ತಾರೆ. ಆದ್ದರಿಂದ ಹಾಳೆ ನೋಡಿ, ಕೂಡಿ, ತಯಾರಿ ಮಾಡಿ ಹಾಡುವುದು ಕನ್ನಡಕ್ಕೆ ಹೊರಗಿನದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮದು ಹಾಡುತ್ತಾ ಹಾಡುತ್ತಾ ಬೆಳೆಸುವ ಮನೋಧರ್ಮದ ಸಂಗೀತ, ನಾಲ್ಕು ದನಿಯ ಹೆಣಿಗೆ ನಮಗೆ ಒಗ್ಗುವುದಿಲ್ಲ ಅಂತ ಗೆಳೆಯರು ಹೇಳುತ್ತಾರೆ. ಹೆಣಿಗೆ ಬೇಡ ಬಿಡಿ. ಎಲ್ಲರೂ ಒಂದೇ ಮಟ್ಟು ಹಾಡೋಣ. ಒಂದು ಉಗಾಭೋಗ ಒಬ್ಬರು, ಆಮೇಲೆ ಪಲ್ಲವಿ ಎಲ್ಲರೂ, ಒಂದು ಚರಣ ಹೆಂಗಸರು, ಇನ್ನೊಂದು ಗಂಡಸರು. ಶ್ರುತಿ ಸೇರಬೇಕು, ಅಕ್ಷರ ಒಟ್ಟಿಗೆ ಬೀಳಬೇಕು, ಅರ್ಥ ಗೊತ್ತಿರಬೇಕು. ಇಷ್ಟನ್ನು ಸರಿಯಾಗಿ ಮಾಡುವುದೇ ಕಷ್ಟ, ಮಾಡಿ ನೋಡಿ. ಹೊರನಾಡಿನ ನಮ್ಮ ಕೂಟಗಳಲ್ಲಿ ರಾಜ್ಯೋತ್ಸವ ಬಂದರೆ ಒಬ್ಬರಾದ ಮೇಲೆ ಒಬ್ಬರು ಬಂದು, ಹಿಂದೆ ಟ್ರ್ಯಾಕ್ ಹಾಕಿಕೊಂಡು ಹಾಡಿ ಇಳಿಯುತ್ತಾರೆ. ಚೆನ್ನಾಗಿ ಹಾಡುವವರೇ ಮತ್ತೆ ಮತ್ತೆ ಹಾಡುತ್ತಾರೆ, ಉಳಿದವರಿಗೆ ಕೋಸಂಬರಿ ಹಂಚುವ ಕೆಲಸ. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ. ನನ್ನ ದನಿ ಒಬ್ಬನೇ ಹಾಡುವಂಥದ್ದಲ್ಲ, ಆದರೆ ಎಂಟು ಜನ ಬಾಸ್‌ಗಳ ನಡುವೆ ನಿಂತಾಗ ಅದಕ್ಕೂ ಒಂದು ಕೆಲಸ ಇರುತ್ತದೆ. ಅಂಥ ದನಿ ನಮ್ಮ ಕನ್ನಡ ಕೂಟದಲ್ಲಿ ಎಷ್ಟು ಜನರಿಗಿದೆಯೋ. ಅವರಿಗೆ ಯಾರೂ ಹಾಡಲು ಜಾಗ ಕೊಟ್ಟಿಲ್ಲ.

ಈ ಚಳಿಗಾಲದಲ್ಲಿ ನಮ್ಮ ಕೂಟದಲ್ಲಿ ಒಂದು ಪ್ರಯತ್ನ ಶುರು ಮಾಡುತ್ತಿದ್ದೇವೆ. ವಾರಕ್ಕೊಂದು ಸಂಜೆ, ಒಂದೇ ಒಂದು ಪದ, ಯುಗಾದಿಯ ತನಕ. ಅದಕ್ಕೆ ಊರಿನ ಮಟ್ಟುಗಳು ಬೇಕು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ದೇವಸ್ಥಾನದ ಮಂಡಳಿಯಲ್ಲಿ ಹಾಡುವ ಯಾವುದಾದರೂ ದಾಸರ ಪದ ಇದ್ದರೆ ಫೋನಿನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಗೊತ್ತಿದ್ದವರ ಹತ್ತಿರ ಕೂತು ಪಲ್ಲವಿಗಾದರೂ ಸ್ವರ ಬರೆಸಿ. ಯಾವ ಊರು, ಯಾರಿಂದ ಕಲಿತದ್ದು, ಯಾವ ಹಬ್ಬಕ್ಕೆ ಹಾಡುವುದು ಅನ್ನುವುದನ್ನೂ ಕೆಳಗೆ ಬರೆಯಿರಿ. ದನಿ ಸ್ವಲ್ಪ ನಡುಗಿದರೂ ಪರವಾಗಿಲ್ಲ, ಹಿಂದೆ ಕುಕ್ಕರ್ ಕೂಗಿದರೂ ಪರವಾಗಿಲ್ಲ. ಮಟ್ಟು ಗೊತ್ತಾದರೆ ಸಾಕು, ಅದನ್ನು ತಿದ್ದಿ ತೀಡಿ ಹಾಡಿಕೊಳ್ಳುವುದು ನಮ್ಮ ಕೆಲಸ.