ಮೈದಾನಕ್ಕಿಳಿದ ಕಿರು ವಿಡಿಯೊ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿರುವ ನಾನು ಮಗಳ ಶಾಲೆಯ ವ್ಯಾಯಾಮ ತರಗತಿಯನ್ನೂ ನಾನು ಓದಿದ ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯ ಪಿ.ಟಿ. ಪೀರಿಯಡ್ಡನ್ನೂ ಆಗಾಗ ಹೋಲಿಸಿ ನೋಡುತ್ತೇನೆ. ಈಗ ಎರಡೂ ಕಡೆ ಕಿರು ವಿಡಿಯೊ ಮೈದಾನಕ್ಕೆ ಇಳಿದಿದೆ, ಆದರೆ ಅದು ಮಾಡುವ ಕೆಲಸ ಬೇರೆ ಬೇರೆ.

ಕೊರೊನಾದಿಂದಾಗಿ ಇಲ್ಲಿನ ಶಾಲೆಗಳು ಮುಚ್ಚಿದ ಮೊದಲ ಸೋಮವಾರ, 2020ರ ಮಾರ್ಚ್ 23ರಂದು, ಜೋ ವಿಕ್ಸ್ ಎಂಬ ತರಬೇತುದಾರರು ತಮ್ಮ ಮನೆಯಿಂದಲೇ ಯೂಟ್ಯೂಬಿನಲ್ಲಿ ಮಕ್ಕಳಿಗೆ ಅರ್ಧ ಗಂಟೆಯ ನೇರ ವ್ಯಾಯಾಮ ತರಗತಿ ಆರಂಭಿಸಿದರು. ಮರುದಿನ ಅದನ್ನು ಏಕಕಾಲದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ತೆರೆಗಳಲ್ಲಿ ನೋಡಿದರು. ನನ್ನ ಮಗಳ ತರಗತಿಯಲ್ಲಿ ಈಗ ಅಷ್ಟುದ್ದದ ವಿಡಿಯೊ ಇಲ್ಲ. ಮಕ್ಕಳ ಫೋನುಗಳು ಚೀಲದಲ್ಲೇ ಇರುತ್ತವೆ. ಶಿಕ್ಷಕಿ ತಮ್ಮ ಟ್ಯಾಬಿನಲ್ಲಿ ಅರ್ಧ ನಿಮಿಷದ ತುಣುಕೊಂದನ್ನು ಎರಡು ಸಲ ತೋರಿಸಿ, ಇಬ್ಬಿಬ್ಬರಾಗಿ ಅದನ್ನು ಮಾಡಿ ನೋಡಲು ಕಳುಹಿಸುತ್ತಾರೆ. ಮಕ್ಕಳ ಚಿತ್ರ ತೆಗೆಯಬೇಕಾದರೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು.

ಕಳೆದ ಸಲ ಊರಿಗೆ ಹೋದಾಗ, ಅದೇ ಶಾಲೆಯಲ್ಲಿ ಈಗ ದೈಹಿಕ ಶಿಕ್ಷಕನಾಗಿರುವ ಗೆಳೆಯನ ಫೋನು ಮಕ್ಕಳ ಕಬಡ್ಡಿ ರೈಡುಗಳ ರೀಲ್ಸುಗಳಿಂದ ತುಂಬಿತ್ತು. ಅವುಗಳಲ್ಲಿ ಕಾಣಿಸಿಕೊಳ್ಳುವ ಆಸೆಯಿಂದಲೇ ಮಕ್ಕಳು ಗಂಟೆ ಹೊಡೆಯುವ ಮೊದಲೇ ಮೈದಾನಕ್ಕೆ ಓಡಿ ಬರುತ್ತಾರೆ. ಆಟದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವುದೇ ರೂಢಿಯಾಗಿರುವ ಕಡೆ ಇದು ಸಣ್ಣ ಮಾತಲ್ಲ, ಅವನ ಶ್ರಮವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ವಿಡಿಯೊಗಳಲ್ಲಿ ಮತ್ತೆ ಮತ್ತೆ ಕಾಣುವವರು ಚುರುಕಾದ ಅದೇ ನಾಲ್ಕೈದು ಮಕ್ಕಳು, ಉಳಿದವರು ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಹೆಣ್ಣುಮಕ್ಕಳ ಚಿತ್ರ ಯಾರ ಯಾರ ಫೋನಿಗೆ ತಲುಪುತ್ತದೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಅದು ನನ್ನನ್ನು ಬಹಳ ಕಾಡಿತು.

ಹಾಗೆಂದು ಇಲ್ಲಿನ ಕ್ರಮವನ್ನು ಇದ್ದಂತೆಯೇ ಅಲ್ಲಿಗೆ ಒಯ್ಯಬೇಕಾಗಿಲ್ಲ. ತೋರಿಸಲು ನಮ್ಮದೇ ಆಟಗಳಿವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ನೇಪಾಳವನ್ನು 78–40ರಿಂದ ಮಣಿಸಿದ ಆ ಫೈನಲ್ಲಿನ ಇಪ್ಪತ್ತು ಸೆಕೆಂಡಿನ ತುಣುಕೊಂದನ್ನು ನಿಧಾನಗತಿಯಲ್ಲಿ ತೋರಿಸಿದರೆ, ಕಂಬದ ಬಳಿ ಮೈಯನ್ನು ಹೇಗೆ ತಿರುಗಿಸಬೇಕು, ಕುಳಿತವರು ಖೋ ಸಿಕ್ಕೊಡನೆ ಹೇಗೆ ಏಳಬೇಕು ಎಂಬುದು ಬಾಯಲ್ಲಿ ವಿವರಿಸಿದ್ದಕ್ಕಿಂತ ಬೇಗ ತಿಳಿಯುತ್ತದೆ. ಮೇಲಾಗಿ ಖೋ-ಖೋದಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಮಂದಿಗೂ ಕೆಲಸವಿರುತ್ತದೆ.

ಇದನ್ನೆಲ್ಲ ಗೆಳೆಯನಿಗೆ ಹೇಳಿದಾಗ ಅವನು ಮೊದಲು ಸುಮ್ಮನಿದ್ದ. ತಿಂಗಳ ನಂತರ ಅವನೇ ಫೋನ್ ಮಾಡಿದ. ಎಂದೂ ರೀಲ್ಸಿನಲ್ಲಿ ಕಾಣಿಸಿಕೊಳ್ಳದ ಎಂಟನೇ ತರಗತಿಯ ಹುಡುಗಿಯೊಬ್ಬಳ ಉದ್ದಜಿಗಿತವನ್ನು ಚಿತ್ರೀಕರಿಸಿ, ಅವಳಿಗಷ್ಟೇ ತೋರಿಸಿದನಂತೆ. ಹಾರುವ ಕಾಲು ಹಲಗೆಯನ್ನು ಗೇಣುದ್ದ ದಾಟುತ್ತಿರುವುದನ್ನು ಕಂಡ ಅವಳು, ಓಟ ಶುರುಮಾಡುವ ಗುರುತನ್ನು ತಾನೇ ಗೇಣಿನಷ್ಟು ಹಿಂದಕ್ಕೆ ಸರಿಸಿಕೊಂಡಳಂತೆ. ವಿಡಿಯೊವನ್ನು ಅವಳೆದುರೇ ಅಳಿಸಿದೆ ಎಂದ.